ನಿಂತ ಸೈಕಲ್ಲಿನ ಸವಾರ

ಫೋನಿನಲ್ಲಿ ಸುಭಾಷ ಒಂದೇ ಒಂದು ಮಾತು ಹೆಚ್ಚಿಗೆ ಆಡಿದ. ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ರವಿಕುಮಾರ್, ಯಂತ್ರದ ವಿಷಯವನ್ನೆಲ್ಲ ವಿಚಾರಿಸಿಯಾದ ಮೇಲೆ ಸುಮ್ಮನೆ, "ನೀವೂ ಸೈಕಲ್ ಹೊಡೀತೀರೇನ್ರಿ?" ಎಂದಿದ್ದರು.

"ಹುಟ್ಟಿದಾಗಿಂದ ಸಾರ್. ದಿನಾ ಹೊಡೀತೀನಿ" ಎಂದುಬಿಟ್ಟ.

ಸುಭಾಷನಿಗೆ ಸೈಕಲ್ ಬರುತ್ತಿರಲಿಲ್ಲ.

ಇದು ಸಿದ್ದಾಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನ ಅಪ್ಪ ದಾಸಪ್ಪ ಅಲ್ಲಿ ಮೂವತ್ತೈದು ವರ್ಷ ಬಾಡಿಗೆ ಸೈಕಲ್ ಅಂಗಡಿ ನಡೆಸಿದವನು. ಲಾಲ್‌ಬಾಗಿನ ಆಸುಪಾಸಿನಲ್ಲಿ ಸೈಕಲ್ ಕಲಿತವರಲ್ಲಿ ಅರ್ಧ ಜನ ದಾಸಪ್ಪನ ಸೈಕಲ್ಲಿನಿಂದಲೇ ಬಿದ್ದು ಮೊಣಕಾಲು ತರಚಿಕೊಂಡವರು. ಅಂಥವನ ಮಗನಿಗೆ ಸೈಕಲ್ ಬರುತ್ತದೆಯೇ ಎಂದು ಯಾರು ಕೇಳುತ್ತಾರೆ? ಚಿಕ್ಕವನಿದ್ದಾಗ ಅವನು ಕಲಿಸಿಕೊಡು ಎಂದು ಕೇಳಿದಾಗಲೆಲ್ಲ ದಾಸಪ್ಪನಿಗೆ ಎಲ್ಲಿಂದಲೋ ಒಂದು ಪಂಚರ್ ಬಂದು ಒದಗುತ್ತಿತ್ತು. ಅಪ್ಪ ಪಂಚರ್ ಹಾಕುತ್ತಲೇ ಇದ್ದ, ಮಗನಿಗೆ ಮೀಸೆ ಬಂತು. ಮೀಸೆ ಬಂದವನು ನಡುರಸ್ತೆಯಲ್ಲಿ ಬಿದ್ದು ಕಲಿಯಲಾದೀತೇ? ಬಸ್ ಪಾಸ್ ಮಾಡಿಸಿಕೊಂಡ.

ಈಗ ಬಾಡಿಗೆ ಸೈಕಲ್ ಕೇಳುವವರೇ ಇಲ್ಲ. ಸೈಕಲ್ಲುಗಳೆಲ್ಲ ಅಂಗಡಿಯ ಹಿಂಭಾಗದಲ್ಲಿ ಗೋಣಿಚೀಲ ಹೊದ್ದು ಮಲಗಿದ್ದವು. ದಾಸಪ್ಪ ಮಾತ್ರ ಹಳೆಯ ಅಭ್ಯಾಸದಂತೆ ಅವುಗಳಲ್ಲೊಂದನ್ನು ಹಿಡಿದು ಮಾರ್ಕೆಟ್ಟಿಗೆ ಹೋಗಿಬರುತ್ತಿದ್ದ. ಹ್ಯಾಂಡಲ್ಲಿಗೆ ತರಕಾರಿ ಚೀಲ ನೇತುಹಾಕಿ, ಹಸುವನ್ನು ಹೊಡೆದುಕೊಂಡು ಹೋಗುವವನಂತೆ ಪಕ್ಕದಲ್ಲಿ ನಡೆಯುತ್ತಿದ್ದ. ಬಾಡಿಗೆ ಮಾಲನ್ನು ಸ್ವಂತಕ್ಕೆ ಸವೆಸದ ಮನುಷ್ಯ ಎಂದು ಬೀದಿಯಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

ಅಂಗಡಿಯ ಮುಂಭಾಗ ಸುಭಾಷನದು. ಜಯನಗರದ ಒಂದು ಮನೆಯಲ್ಲಿ ಒದ್ದೆ ಟವೆಲ್ ಒಣಗಿಸಲು ಬಳಕೆಯಾಗುತ್ತಿದ್ದ ವ್ಯಾಯಾಮದ ಸೈಕಲ್ಲನ್ನು ತಂದು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದ. ಪೆಡಲ್ಲಿಗೆ ಒಂದು ಅಯಸ್ಕಾಂತ, ಪಕ್ಕದಲ್ಲಿ ಎರಡು ತಗಡಿನ ಪಟ್ಟಿ. ಅಯಸ್ಕಾಂತ ಹಾದುಹೋದಾಗಲೆಲ್ಲ ಪಟ್ಟಿಗಳು ಒಂದಕ್ಕೊಂದು ತಾಗಿ, ಮುಂದಕ್ಕೆ ಹೋಗು ಎಂಬ ಸುದ್ದಿ ಕಂಪ್ಯೂಟರಿಗೆ ಮುಟ್ಟುತ್ತಿತ್ತು. ಕಣ್ಣಿಗೆ ಕಟ್ಟಿಕೊಳ್ಳಲು ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಸಿಕ್ಕಿದ ಸೆಕೆಂಡ್‌ಹ್ಯಾಂಡ್ ವಿ.ಆರ್. ಕನ್ನಡಕ. ನೋಡಲು ಹೆಲ್ಮೆಟ್ಟಿಗೂ ದುರ್ಬೀನಿಗೂ ಹುಟ್ಟಿದ ಕೂಸಿನಂತಿತ್ತು. ಅದನ್ನು ಕಟ್ಟಿಕೊಂಡು ತುಳಿದರೆ ಹಿಮದ ಬೆಟ್ಟ, ಪೈನ್ ಮರ, ಸುತ್ತಿ ಸುತ್ತಿ ಇಳಿಯುವ ರಸ್ತೆ. ಇಳಿಜಾರಿನಲ್ಲಿ ಗಾಳಿ ಬೀಸಬೇಕಲ್ಲ, ಅದಕ್ಕೆ ಎದುರಿಗೊಂದು ಟೇಬಲ್ ಫ್ಯಾನು. ಫ್ಯಾನಿನ ಸ್ವಿಚ್ಚು ಅಮ್ಮ ಸಪ್ಪಲಮ್ಮನ ಕೈಯಲ್ಲಿ. ಅವಳು ಅವರೆಕಾಯಿ ಸುಲಿಯುತ್ತ ಕೂತು ಆಗಾಗ "ಇಳಿಜಾರು ಬಂತಾ?" ಎಂದು ಕೇಳುವಳು. ಬಂತು ಎಂದರೆ ಒತ್ತುವಳು.

"ಬೀಳೋ ಭಯಾನೇ ಇಲ್ಲ ಅಂದ್ಮೇಲೆ ಅದೆಂಥ ಸೈಕಲ್ಲೋ" ಎಂದು ಒಮ್ಮೆ ಹೇಳಿದ್ದಳು. ಸುಭಾಷನಿಗೆ ಆ ಸೈಕಲ್ಲಿನಲ್ಲಿ ಬಹಳ ಹಿಡಿಸಿದ್ದು ಅದೇ.

ಅಂದು ಶನಿವಾರ. ರವಿಕುಮಾರ್ ಮಧ್ಯಾಹ್ನ ಬಂದು ನೋಡಿ ಒಪ್ಪಿದರೆ ಅವರ ಕ್ಲಬ್‌ಹೌಸಿಗೆ ಇಂಥವೇ ನಾಲ್ಕು ಯಂತ್ರ. ಒಪ್ಪದಿದ್ದರೆ ಏನು ಎನ್ನುವುದನ್ನು ದಾಸಪ್ಪ ಬೆಳಿಗ್ಗೆ ಕಾಫಿಯ ಜೊತೆಗೇ ಹೇಳಿದ್ದ. "ಇವತ್ತೇ ಕೊನೆ. ಸೋಮವಾರದಿಂದ ಅಂಗಡಿ ಯಲ್ಲಯ್ಯಂಗೆ. ಝೆರಾಕ್ಸ್ ಹಾಕ್ಕೋತಾನೆ."

ಎದುರುಮನೆಯ ಯಲ್ಲಯ್ಯ ಸೋಮವಾರದವರೆಗೆ ಕಾಯುವ ಪೈಕಿಯಲ್ಲ. ಒಂಬತ್ತು ಗಂಟೆಗೇ ಬಂದು ಗೋಡೆಯನ್ನು ಗೇಣಿನಿಂದ ಅಳೆಯತೊಡಗಿದ. "ನೀನು ನಿನ್ ಪಾಡಿಗೆ ಕೆಲಸ ಮಾಡ್ಕೋ ಮಗಾ, ನಾನು ಟೇಬಲ್ ಎಲ್ಲಿ ಬರುತ್ತೆ ಅಂತ ನೋಡ್ತಿದ್ದೀನಿ ಅಷ್ಟೇ" ಎಂದ. ಸ್ವಲ್ಪ ಹೊತ್ತಿಗೆ ಝೆರಾಕ್ಸ್ ಕಾಗದದ ರಟ್ಟಿನ ಡಬ್ಬಗಳು ಬಂದು ಯಂತ್ರದ ಎಡಕ್ಕೆ ಸಾಲಾಗಿ ಕೂತವು. ಮನೆಯಲ್ಲಿ ಜಾಗವಿಲ್ಲವಂತೆ. ಮದುವೆ ಮುಗಿಯುವ ಮೊದಲೇ ಚೌಲ್ಟ್ರಿಗೆ ಮುಂದಿನ ಮದುವೆಯವರು ಬಂದು ಇಳಿದಂತಿತ್ತು.

ಅಷ್ಟರಲ್ಲಿ ಪಕ್ಕದ ಟೈಲರ್ ಭಾಗ್ಯಜ್ಯೋತಿ ಬಂದಳು. ಯಂತ್ರ ಸರಿಯಿದೆಯೋ ಇಲ್ಲವೋ ಎಂದು ಯಾರಾದರೂ ಮೊದಲು ನೋಡಬೇಕಲ್ಲ ಎನ್ನುವುದು ಅವಳ ವಾದ. ಹಾಗೆಯೇ ಸೊಂಟವೂ ಒಂದಿಷ್ಟು ಇಳಿದರೆ ಬೇಡವೆನ್ನುವುದಿಲ್ಲ. ಸುಭಾಷ ಬೇಡ ಭಾಗ್ಯಕ್ಕ ಎನ್ನುವಷ್ಟರಲ್ಲಿ ಹತ್ತಿ ಕೂತು, ಕನ್ನಡಕ ಕಟ್ಟಿಕೊಂಡು, ಹಿಮ ನೋಡಿ, ಅಯ್ಯೋ ಚಳಿ ಚಳಿ ಎಂದು ಸೆರಗು ಹೊದ್ದು, ಬೆವರು ಒರೆಸಿಕೊಂಡು ಇಳಿದಳು. ಸೆರಗಿಗೆ ಸಿಕ್ಕಿಸಿಕೊಂಡಿದ್ದ ಗುಂಡುಪಿನ್ನುಗಳಲ್ಲಿ ಅರ್ಧ ಕಾಣೆಯಾಗಿದ್ದನ್ನು ಅವಳೂ ಗಮನಿಸಲಿಲ್ಲ, ಸುಭಾಷನೂ ಗಮನಿಸಲಿಲ್ಲ. ಪೆಡಲ್ಲಿನ ಅಯಸ್ಕಾಂತವೊಂದೇ ಗಮನಿಸಿತ್ತು.

ಹನ್ನೊಂದೂವರೆಗೆ ಕರೆಂಟ್ ಹೋಯಿತು.

ಸುಭಾಷ ಬಾಗಿಲಿಗೆ ಬಂದು ಕಂಬವನ್ನು ನೋಡಿದ. ಕಂಬ ನೋಡಿದರೆ ಕರೆಂಟ್ ಬರುವುದಿಲ್ಲ ಎಂದು ಗೊತ್ತಿದ್ದೂ ಬೆಂಗಳೂರಿನವರೆಲ್ಲ ನೋಡುತ್ತಾರೆ. ಯಲ್ಲಯ್ಯ ಆಗ ಬಹಳ ಉದಾರವಾಗಿ, ಝೆರಾಕ್ಸಿಗೆಂದು ತಂದಿಟ್ಟಿದ್ದ ಯುಪಿಎಸ್ ಕೊಡುತ್ತೇನೆ ಎಂದ. ಆದರೆ ಅದು ಒಂದೇ ಕಡೆ ಇದ್ದರೆ ಒಳ್ಳೆಯದು, ಆಮೇಲೆ ಅಲುಗಾಡಿಸುವುದು ಬೇಡ. ಹೀಗೆ ಯುಪಿಎಸ್ಸೂ ಬಂದು, ಕಂಪ್ಯೂಟರಿಗೂ ಫ್ಯಾನಿಗೂ ಜೋಡಣೆಯಾಗಿ ಸ್ಥಾಪನೆಯಾಯಿತು. ಕರೆಂಟ್ ಐದೇ ನಿಮಿಷದಲ್ಲಿ ಬಂತು. ಯುಪಿಎಸ್ ಹೋಗಲಿಲ್ಲ.

ಹನ್ನೆರಡಕ್ಕೆ ರವಿಕುಮಾರರ ಕಾರು ನಿಂತಿತು. ಗುಂಡಗಿನ, ಗಂಭೀರ ಮನುಷ್ಯ. ಒಳಗೆ ಕಾಲಿಟ್ಟವರು ಸುಭಾಷನನ್ನು ಬಿಟ್ಟು ದಾಸಪ್ಪನನ್ನೇ ನೋಡುತ್ತ ನಿಂತರು. ನೀವು ಸೈಕಲ್ ದಾಸಪ್ಪ ಅಲ್ಲವೇ ಎಂದರು. ಆಮೇಲೆ ತೋಳು ಮಡಚಿ ಮೊಣಕೈ ತೋರಿಸಿದರು. ಅಲ್ಲೊಂದು ಹಳೆಯ ಗಾಯದ ಗುರುತು.

"ನಿಮ್ಮ ಏಳನೇ ನಂಬರ್ ಸೈಕಲ್ಲು. ನಾನಾಗ ಆರನೇ ಕ್ಲಾಸು. ಕಾಲು ಎಟುಕ್ತಿರ್ಲಿಲ್ಲ ಅಂತ ಲೇಡೀಸ್ ಸೈಕಲ್ಲೇ ಕೇಳ್ತಿದ್ದೆ."

"ಏಳನೇ ನಂಬರ್‌ದು ಬ್ರೇಕ್ ಸ್ವಲ್ಪ ಲೂಸಿತ್ತು ಸಾರ್" ಎಂದು ದಾಸಪ್ಪ ಮೂವತ್ತು ವರ್ಷ ತಡವಾಗಿ ಎಚ್ಚರಿಸಿದ.

ಮಾತು ಸೈಕಲ್ಲಿಗೆ ತಿರುಗಿದ್ದು ಸುಭಾಷನಿಗೆ ಬೇಕಿರಲಿಲ್ಲ. ಅವನು ಭಯಪಟ್ಟಂತೆಯೇ ಆಯಿತು. ರವಿಕುಮಾರ್ ಅತ್ತಿತ್ತ ನೋಡಿ, "ಎಲ್ಲಿ, ನೀವು ದಿನಾ ಹೊಡೆಯೋ ಸೈಕಲ್ಲು?" ಎಂದರು.

"ರಿಪೇರಿಗೆ ಕೊಟ್ಟಿದ್ದೀನಿ ಸಾರ್."

"ಎಲ್ಲಿ?"

ಸೈಕಲ್ ರಿಪೇರಿ ಅಂಗಡಿಯ ಮಧ್ಯದಲ್ಲಿ ನಿಂತು ಸುಭಾಷ, "ಬೇರೆ ಕಡೆ ಸಾರ್" ಎಂದ. ದಾಸಪ್ಪ ಮಗನ ಮುಖ ನೋಡಿದ.

ರವಿಕುಮಾರ್ ಯಂತ್ರ ಹತ್ತಿದರು. ಮೊದಲೆರಡು ನಿಮಿಷ ಸುಭಾಷನ ಜೀವನದಲ್ಲೇ ಒಳ್ಳೆಯ ಎರಡು ನಿಮಿಷ. ಮರ ಕಂಡರೆ ಮರ, ಮೋಡ ಕಂಡರೆ ಮೋಡ, ಎಲ್ಲದಕ್ಕೂ ಅವರು ಮಗುವಿನಂತೆ ತಲೆಯಾಡಿಸುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟಿನವರನ್ನು ಹಿಡಿದು ನಿಲ್ಲಿಸುವುದೇ ಕಷ್ಟವಾದೀತು ಎಂದರು. ಸುಭಾಷ ಮನಸ್ಸಿನಲ್ಲೇ ನಾಲ್ಕನೆಯ ಯಂತ್ರಕ್ಕೆ ಬೋಲ್ಟು ಹಾಕುತ್ತಿದ್ದ.

ಆಗ ಅಯಸ್ಕಾಂತಕ್ಕೆ ಅಂಟಿಕೊಂಡಿದ್ದ ಗುಂಡುಪಿನ್ನುಗಳು ಉದುರಿ ಎರಡು ಪಟ್ಟಿಗಳ ನಡುವೆ ಸೇತುವೆಯಾಗಿ ಕೂತವು. ಮುಂದಕ್ಕೆ ಹೋಗು ಎಂಬ ಸುದ್ದಿ ಒಮ್ಮೆ ಹೊರಟಿದ್ದು ನಿಲ್ಲಲೇ ಇಲ್ಲ.

"ಸ್ಪೀಡ್ ಜಾಸ್ತಿ ಆಯ್ತು ಕಣ್ರೀ" ಎಂದರು ರವಿಕುಮಾರ್.

"ಇಳಿಜಾರು ಬಂತಾ?" ಎಂದು ಕೇಳಿ ಸಪ್ಪಲಮ್ಮ ಫ್ಯಾನಿನ ಸ್ಪೀಡನ್ನು ಪೂರ್ತಿ ಏರಿಸಿದಳು.

"ಬ್ರೇಕ್ ಎಲ್ರೀ ಇದಕ್ಕೆ?"

"ಬ್ರೇಕ್ ಇಲ್ಲ ಸಾರ್. ತುಳಿಯೋದು ನಿಲ್ಲಿಸಿದ್ರೆ ಸಾಕು."

"ನಿಲ್ಲಿಸಿ ಎಷ್ಟೊತ್ತಾಯ್ತು."

ನಿಜ. ಅವರ ಕಾಲುಗಳು ಗಾಳಿಯಲ್ಲಿದ್ದವು. ಸುಭಾಷ ಓಡಿ ಗೋಡೆಯಿಂದ ಪ್ಲಗ್ ಕಿತ್ತ. ಯಲ್ಲಯ್ಯನ ಯುಪಿಎಸ್ ಒಳ್ಳೆಯ ಮಾಲು. ಕುಂಯ್ ಕುಂಯ್ ಎಂದು ಎರಡು ಸಲ ಕೂಗಿ, ಹಿಮದ ಬೆಟ್ಟವನ್ನೂ ಫ್ಯಾನನ್ನೂ ತಾನೇ ಹೊತ್ತುಕೊಂಡು ನಡೆಸಿತು. ತಿರುವು ಬಂತೆಂದು ಕಾಣುತ್ತದೆ, ರವಿಕುಮಾರ್ ಎಡಕ್ಕೆ ವಾಲಿದರು. ಅಂಗಡಿಯಲ್ಲಿ ರಸ್ತೆಯಿರಲಿಲ್ಲ, ತಿರುವೂ ಇರಲಿಲ್ಲ. ಝೆರಾಕ್ಸ್ ಕಾಗದದ ಡಬ್ಬಗಳಿದ್ದವು. ಅವುಗಳ ಮೇಲೆ ಮೂಟೆಯಂತೆ ಬಿದ್ದರು.

"ನನ್ ಪೇಪರ್ರು" ಎಂದ ಯಲ್ಲಯ್ಯ.

ಕನ್ನಡಕ ಬಿಚ್ಚಿದಾಗ ಅವರ ಮುಖ ಬೆಳ್ಳಗಾಗಿತ್ತು. ಸಪ್ಪಲಮ್ಮ ನಿಂಬೆ ಶರಬತ್ತು ಕೊಟ್ಟಳು. ಅವರು ಬಾಗಿಲ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತು, ಭೂಮಿ ನಿಂತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದರು. ಅಷ್ಟು ಹೊತ್ತಿಗೆ ಭಾಗ್ಯಜ್ಯೋತಿ ಬಂದು, ಯಂತ್ರದ ಬುಡದಲ್ಲಿ ಬಗ್ಗಿ, ಅಲ್ಲಿದ್ದ ಪಿನ್ನುಗಳನ್ನೆಲ್ಲ ಆಯ್ದುಕೊಂಡಳು. "ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ, ಇಲ್ಲಿದ್ಯಲ್ಲ" ಎಂದಳು. ಸುಭಾಷನಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾಗಿ ಏನೂ ಪ್ರಯೋಜನವಿರಲಿಲ್ಲ.

ರವಿಕುಮಾರ್ ಮುಖ ತೊಳೆಯಲು ಹಿಂಭಾಗದ ನಲ್ಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಸೈಕಲ್ಲಿತ್ತು. ಮಡ್‌ಗಾರ್ಡಿನ ಮೇಲೆ ಮಾಸಿದ ಬಣ್ಣದಲ್ಲಿ ಏಳು. ಅದನ್ನು ಬೀದಿಗಿಳಿಸಿ ಹತ್ತಿ ಹೊರಟೇಬಿಟ್ಟರು. ಬೀದಿಯ ತುದಿಯವರೆಗೆ ಹೋಗಿ, ಗಂಟೆ ಬಾರಿಸುತ್ತ ವಾಪಸ್ಸು ಬಂದರು. ಮುಖಕ್ಕೆ ಮತ್ತೆ ಕಳೆ ಬಂದಿತ್ತು.

"ನೋಡಿ ಸುಭಾಷ್, ನಿಮ್ಮ ಕನ್ನಡಕ ನಮಗೆ ಬೇಡ. ನಮ್ಮ ಹಿರಿಯರು ಯಾರಾದ್ರೂ ಬಿದ್ರೆ ಕೇಸ್ ಆಗುತ್ತೆ. ಈ ಸೈಕಲ್ಲುಗಳನ್ನ ರೆಡಿ ಮಾಡಿ ನಮ್ ಕಾಂಪೌಂಡ್‌ನಲ್ಲಿ ಬಾಡಿಗೆಗೆ ಇಡಿ. ಭಾನುವಾರ ಬೆಳಿಗ್ಗೆ ಎಲ್ರೂ ಲಾಲ್‌ಬಾಗಿಗೆ ಹೋಗೋಣ. ನಾಳೆಯಿಂದಾನೇ. ಆರು ಗಂಟೆಗೆ ಟೆಂಪೋ ನಾನು ಕಳಿಸ್ತೀನಿ." ಸ್ವಲ್ಪ ನಿಂತು ಸುಭಾಷನ ಹೆಗಲ ಮೇಲೆ ಕೈಯಿಟ್ಟರು. "ನೀವು ಮುಂದೆ ಇರ್ಬೇಕು. ಹುಟ್ಟಿದಾಗಿಂದ ಹೊಡೀತಿದ್ದೀರಲ್ಲ."

ಸುಭಾಷ ಬಾಯಿ ತೆರೆಯುವ ಮೊದಲೇ ದಾಸಪ್ಪ ಆಗಲಿ ಸಾರ್ ಎಂದಾಗಿತ್ತು. ಯಲ್ಲಯ್ಯ ಚಪ್ಪಟೆಯಾದ ಡಬ್ಬಗಳನ್ನೂ ಯುಪಿಎಸ್ಸನ್ನೂ ಒಂದೊಂದಾಗಿ ಎದುರುಮನೆಗೆ ಹೊತ್ತ. ದಾಸಪ್ಪ ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟು ಎಣ್ಣೆ ಹಾಕಿದ, ಗಾಳಿ ಹೊಡೆದ, ಮೂವತ್ತೈದು ವರ್ಷದಲ್ಲಿ ಮೊದಲ ಸಲ ಶಿಳ್ಳೆ ಹಾಕಿದ. ಅಂಗಡಿ ಉಳಿಯಿತು. ಉಳಿಸಿದವನಿಗೆ ಮಾತ್ರ ಊಟ ಸೇರಲಿಲ್ಲ.

ಸಂಜೆ ಹುಡುಗರೆಲ್ಲ ಆಟ ಮುಗಿಸಿ ಹೋದ ಮೇಲೆ ಅವನು ಏಳನೇ ನಂಬರನ್ನು ತಳ್ಳಿಕೊಂಡು ಶಾಲೆಯ ಮೈದಾನಕ್ಕೆ ಬಂದ. ಅಪ್ಪನನ್ನು ಕರೆತಂದಿದ್ದ. ಸಪ್ಪಲಮ್ಮ ಕರೆಯದಿದ್ದರೂ ಬಂದು ಕಲ್ಲಿನ ಮೇಲೆ ಕೂತಳು.

"ಅಪ್ಪಾ, ನಂಗೆ ಸೈಕಲ್ ಬರಲ್ಲ."

ಬೈಗುಳ ಬರಬಹುದೆಂದು ಕಾದ. ಬರಲಿಲ್ಲ. ದಾಸಪ್ಪ ನೆಲ ನೋಡುತ್ತ, "ಗೊತ್ತು" ಎಂದ. "ಕಲಿಸಿಕೊಡ್ದೇ ಇದ್ದೋನು ನಾನೇ ಅಲ್ವಾ."

"ಈಗಾದ್ರೂ ಕಲಿಸಿಕೊಡು. ನೀನೊಂದು ರೌಂಡ್ ಹೊಡ್ದು ತೋರ್ಸು, ನೋಡ್ಕೋತೀನಿ."

ದಾಸಪ್ಪ ಮುಂದಿನ ಚಕ್ರ ಒತ್ತಿ ನೋಡಿದ. ಹಿಂದಿನದನ್ನೂ ಒತ್ತಿದ. ಎರಡೂ ಕಲ್ಲಿನಂತಿದ್ದವು, ಗಾಳಿ ಹೊಡೆದವನು ಅವನೇ. ಪಂಚರ್ ಎಲ್ಲೂ ಸಿಗಲಿಲ್ಲ.

"ಹೊಡೆಯೋಕೆ ಬಂದಿದ್ರೆ" ಎಂದ ಕೊನೆಗೆ, "ಇಷ್ಟು ವರ್ಷ ಯಾಕೋ ತಳ್ಕೊಂಡು ಓಡಾಡ್ತಿದ್ದೆ?"

ಬೆಳಿಗ್ಗೆ ಆರಕ್ಕೆ ಟೆಂಪೋ ಬರುತ್ತದೆ ಎಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

ಸಪ್ಪಲಮ್ಮ ಕಲ್ಲಿನಿಂದ ಎದ್ದಳು. ಸೆರಗು ಸೊಂಟಕ್ಕೆ ಬಿಗಿದು, ಇಬ್ಬರನ್ನೂ ಪಕ್ಕಕ್ಕೆ ಸರಿಸಿ, ಏಳನೇ ನಂಬರ್ ಹತ್ತಿದಳು. ಮೈದಾನವನ್ನು ಒಂದು ಸುತ್ತು ಹಾಕಿದಳು. ತಿರುವಿನಲ್ಲಿ ಒಂದು ಕೈ ಬಿಟ್ಟು ಕೂದಲು ಹಿಂದಕ್ಕೆ ಸರಿಸಿಕೊಂಡಳು. ವಾಪಸ್ಸು ಬಂದು ಕಾಲೂರಿ ನಿಂತಾಗ ಗಂಡನಿಗೆ ಕೇಳಲು ಒಂದೇ ಪ್ರಶ್ನೆ ಉಳಿದಿತ್ತು.

"ಇದನ್ನ ಯಾವಾಗ ಕಲ್ತೆ ನೀನು?"

"ನೀವು ದಿನಾ ಊಟ ಆದ್ಮೇಲೆ ಮಲಗ್ತಿದ್ರಲ್ಲ. ಅಂಗಡಿ ನೋಡ್ಕೋತಿದ್ದೋಳು ಯಾರು?"

"ನಂಗೆ ಯಾಕಮ್ಮ ಹೇಳ್ಕೊಡ್ಲಿಲ್ಲ?" ಎಂದ ಸುಭಾಷ.

"ನೀನು ಕೇಳಿದ್ದು ನಿಮ್ಮಪ್ಪನ್ನ" ಎಂದಳು. ಇಳಿದು ಸೀಟಿನ ಹಿಂದೆ ಕೈಯಿಟ್ಟು ಹಿಡಿದುಕೊಂಡಳು. "ಬ್ರೇಕ್ ಇನ್ನೂ ಲೂಸೇ ಇದೆ, ನೋಡ್ಕೊಂಡು. ಯಾರು ಮೊದಲು?"

ಅಪ್ಪ ಮಗನನ್ನು ಮುಂದೆ ತಳ್ಳಿದ.

ಸುಭಾಷ ಹತ್ತಿದ. ಹಿಮವಿರಲಿಲ್ಲ, ಪೈನ್ ಮರವಿರಲಿಲ್ಲ, ನೆಲಕ್ಕೆ ಬೋಲ್ಟೂ ಇರಲಿಲ್ಲ. ಒಂದು, ಎರಡು, ಮೂರು ಸಲ ತುಳಿದ. ಗಾಳಿ ಮುಖಕ್ಕೆ ತಾನಾಗಿಯೇ ಬೀಸಿತು. ಅಮ್ಮನ ಕೈ ಯಾವಾಗ ಬಿಟ್ಟುಹೋಯಿತೋ ತಿಳಿಯಲಿಲ್ಲ. ಬೇವಿನ ಮರದವರೆಗೆ ನೆಟ್ಟಗೆ ಹೋದ. ಅಲ್ಲಿ ಬೇವಿನ ಮರವೇ ಇತ್ತು.

ದೂಳಿನಲ್ಲಿ ಅಂಗಾತ ಬಿದ್ದವನಿಗೆ ಮೊಣಕೈ ಉರಿಯುತ್ತಿತ್ತು, ಆದರೂ ನಗು ಬರುತ್ತಿತ್ತು. ದೂರದಿಂದ ಸಪ್ಪಲಮ್ಮ ಕೂಗಿ ಕೇಳಿದಳು:

"ಇಳಿಜಾರು ಬಂತಾ?"