ತಕ್ಕಡಿ ಸಾಹೇಬರ ಚಳಿ ಬಟ್ಟೆ

ಟಿಕೆಟ್ಟಿನ ಹಿಂಬದಿಯಲ್ಲಿ, ಸೂಟ್‌ಕೇಸ್ ಇಪ್ಪತ್ತು ಕಿಲೋ ಮೀರಬಾರದು ಎಂದು ಅಚ್ಚಾಗಿದ್ದದ್ದೇ ಎಲ್ಲಕ್ಕೂ ಮೂಲ. ಬೇರೆಯವರಾಗಿದ್ದರೆ ಕೈಯಲ್ಲೊಮ್ಮೆ ಎತ್ತಿ ನೋಡಿ, ಇಷ್ಟಿದ್ದೀತು ಎಂದು ಸುಮ್ಮನಾಗುತ್ತಿದ್ದರು. ಆದರೆ ಟಿಕೆಟ್ಟು ಬಂದದ್ದು ತಕ್ಕಡಿ ಸಾಹೇಬರಿಗೆ. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಊರಿನ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ ಸರ್ಕಾರದ ಮುದ್ರೆ ಒತ್ತುವುದು ಅವರ ಕೆಲಸ. 'ಸುಮಾರು' ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ.

ಆ ವರ್ಷದ ಅತ್ಯುತ್ತಮ ಇನ್‌ಸ್ಪೆಕ್ಟರೆಂದು ಇಲಾಖೆ ಅವರನ್ನು ಆರಿಸಿ, ದಂಪತಿಗೆ ಒಂದು ವಾರದ ಹಡಗು ವಿಹಾರವನ್ನು ಬಹುಮಾನ ಕೊಟ್ಟಿತ್ತು. ಚಳಿಯ ಸಮುದ್ರ, ಮಂಜು ಮುಸುಕಿದ ದಡಗಳು. ಮದುವೆಯಾದಾಗಿನಿಂದ ಅವರು ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ರಜೆ ಬರೆದು ಕೊಟ್ಟಾಗಲೆಲ್ಲ ಎಲ್ಲಿಂದಲೋ ಒಂದು ತಕ್ಕಡಿಯ ಮೇಲೆ ದೂರು ಬಂದು ರಜೆ ರದ್ದಾಗುತ್ತಿತ್ತು. ಈ ಸಲ ದೂರುಗಳಿರಲಿಲ್ಲ. ಹಡಗು ಅವತ್ತು ಸಂಜೆಯೇ ಹೊರಡುವುದಿತ್ತು.

"ರೀ, ಆಫೀಸಿಂದ ಒಂದು ತೂಕದ ಮಿಷನ್ ತಂದುಬಿಡಿ. ಇಟ್ಟು ನೋಡೋಣ," ಎಂದಳು ಹೆಂಡತಿ.

"ಸರ್ಕಾರಿ ಮಿಷನ್ ಮೇಲೆ ಮನೆ ಬಟ್ಟೆ ತೂಗೋದಾ?" ಎಂದು ಸಾಹೇಬರು ಮುಖ ಸಿಂಡರಿಸಿ, ಬೀದಿಯ ಕೊನೆಯ ಹಳೇ ಪೇಪರ್ ಅಂಗಡಿಯವನಿಗೆ ಹೇಳಿ ಕಳಿಸಿದರು. ಹೋದ ತಿಂಗಳಷ್ಟೇ, ಊರಿನ ನೂರಾರು ತಕ್ಕಡಿಗಳ ಜೊತೆಗೆ, ಆ ಅಂಗಡಿಯ ತಕ್ಕಡಿಗೂ ಅವರೇ ಮುದ್ರೆ ಹಾಕಿದ್ದರು. ಆದ್ದರಿಂದ ಮನಸ್ಸಿಗೆ ನೆಮ್ಮದಿ.

ಪೇಪರ್ ಅಂಗಡಿಯವನು ಗುಡಾಣದಂಥ ಹೊಟ್ಟೆಯ ಮೇಲೆ ತಕ್ಕಡಿಯನ್ನು ಆನಿಸಿಕೊಂಡು, ಏದುಸಿರು ಬಿಡುತ್ತ ಬಂದ. ನಿಂತು ತೂಗುವ, ಗುಂಡು ಮುಖದ ಮುಳ್ಳಿನ ತಕ್ಕಡಿ. ಮೇಲಿನ ಧೂಳನ್ನು ಟವೆಲಿನಿಂದ ಒರೆಸಿ ನೆಲಕ್ಕಿಟ್ಟ. ಅವನು ಕೈ ತೆಗೆಯುವುದೇ ತಡ, ಹೆಂಡತಿ ಬಾಯಿ ತೆರೆದ ಸೂಟ್‌ಕೇಸನ್ನು ಅದರ ಮೇಲೆ ಕೂರಿಸಿಬಿಟ್ಟಳು. ಅಲ್ಲಿಂದ ಮಧ್ಯಾಹ್ನದವರೆಗೆ ಅದು ಇಳಿಯಲಿಲ್ಲ. ದಂಪತಿಯ ಬಟ್ಟೆಯೆಲ್ಲ ತುಂಬಿದ ಮೇಲೂ ಮುಳ್ಳು ಹತ್ತರ ಹತ್ತಿರವೇ ಇತ್ತು.

ಆ ಊರಲ್ಲಿ ಚಳಿ ಎನ್ನುವುದನ್ನು ಜನ ಪೇಪರಿನಲ್ಲಿ ಓದಿ ತಿಳಿದಿದ್ದರು. ಆದರೂ ಪ್ರತಿ ಮನೆಯಲ್ಲೂ ಯಾವುದೋ ಕಾಲದ ಒಂದು ಉಣ್ಣೆ ಬಟ್ಟೆ, ಉಪಯೋಗವೂ ಇಲ್ಲದೆ ಎಸೆಯುವ ಮನಸ್ಸೂ ಬಾರದೆ, ಬೀರುವಿನ ತಳದಲ್ಲಿ ಬಿದ್ದಿತ್ತು. ಸಾಹೇಬರು ಚಳಿಯ ಕಡೆ ಹೊರಟರೆಂಬ ಸುದ್ದಿ ಹಬ್ಬಿದ್ದೇ, ಅವಕ್ಕೆಲ್ಲ ಜೀವ ಬಂತು.

ಮೊದಲು ಬಂದವರು ಮಹಡಿ ಮನೆಯ ನಿವೃತ್ತ ಮೇಷ್ಟ್ರು. ಕೈಯಲ್ಲಿ ಓವರ್‌ಕೋಟು. ಅದರ ಜೊತೆಗೇ ನುಸಿಗುಳಿಗೆಯ ವಾಸನೆಯೂ ಒಳಗೆ ಬಂತು.

"ನಮ್ಮ ತಂದೆಯವರದು. ಅವರೂ ಹಾಕಲಿಲ್ಲ, ನಾನೂ ಹಾಕಲಿಲ್ಲ. ನೀವಾದ್ರೂ ಹಾಕ್ಕೊಂಡು ಹಡಗಿನ ಮೇಲೆ ನಿಂತು ಒಂದು ಫೋಟೋ ಕಳಿಸಿ."

"ಮೇಷ್ಟ್ರೇ, ತೂಕ ಜಾಸ್ತಿ ಆಗತ್ತೆ."

"ಇನ್ನೂ ಎಷ್ಟು ಹಿಡಿಸತ್ತೆ ಹೇಳಿ."

ಇಲ್ಲಿ ಸಾಹೇಬರು ಒಂದು ಸಣ್ಣ ಸುಳ್ಳು ಹೇಳಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತೂಕದ ವಿಷಯದಲ್ಲಿ ಅವರ ನಾಲಿಗೆ ಸುಳ್ಳಿಗೆ ಹೊರಳುತ್ತಿರಲಿಲ್ಲ. ಮುಳ್ಳನ್ನು ನೋಡಿ, "ಒಂಬತ್ತು ಕಿಲೋ ಮುನ್ನೂರು ಗ್ರಾಂ ಹಿಡಿಸತ್ತೆ," ಎಂದರು. ಕೋಟು ಒಳಗೆ ಹೋಯಿತು.

ಎದುರು ಮನೆಯ ಅಜ್ಜಿ ತಾನೇ ಹೆಣೆದ ಸ್ವೆಟರ್ ತಂದಳು. ಅದನ್ನು ಅಳಿಯನಿಗೆಂದು ಹೆಣೆದಿದ್ದಳು. ಮುಗಿಯುವ ಹೊತ್ತಿಗೆ ಅಳಿಯ ದಪ್ಪಗಾಗಿದ್ದ. "ನೀನು ಸಣಕಲ ಕಣಪ್ಪ, ನಿಂಗೆ ಸರಿಹೋಗತ್ತೆ. ಜಾಗ ಇದೆಯೋ ಇಲ್ವೋ?"

"ಇದೆ ಅಜ್ಜಿ," ಎಂದರು ಸಾಹೇಬರು, ಉಗುಳಲೂ ಆಗದೆ ನುಂಗಲೂ ಆಗದೆ.

ಪಕ್ಕದ ಮನೆಯ ಬ್ಯಾಂಕಿನವನು ಮೊಣಕಾಲುದ್ದದ ಬೂಟು, ಕೈಗವಸು, ಕಿವಿ ಮುಚ್ಚುವ ಟೋಪಿ ಎಲ್ಲ ತಂದ. ತಂದವನು ಮುಳ್ಳನ್ನು ತಾನೇ ಓದಿಕೊಂಡು, ಕೇಳದೆಯೇ ತುರುಕಿದ. ಮುಳ್ಳು ಇಪ್ಪತ್ತಕ್ಕೆ ಬಂದು ನಿಂತ ಮೇಲೇ ಬೀದಿಯವರ ಔದಾರ್ಯವೂ ನಿಂತದ್ದು. ಸೂಟ್‌ಕೇಸಿನ ಮೇಲೆ ಹೆಂಡತಿ ಕೂತಳು, ಸಾಹೇಬರು ಬೀಗ ಹಾಕಿದರು. ಪೇಪರ್ ಅಂಗಡಿಯವನು ತನ್ನ ತಕ್ಕಡಿಯನ್ನು ಹೊಟ್ಟೆಯ ಮೇಲೆ ಹೊತ್ತುಕೊಂಡು ಹೋದ.

ಬಂದರಿಗೆ ನೆರೆಹೊರೆಯವರೂ ಬಂದರು. ಸಾಹೇಬರನ್ನು ಬೀಳ್ಕೊಡುವ ನೆಪ. ತಮ್ಮ ತಮ್ಮ ಬಟ್ಟೆ ಕ್ಷೇಮವಾಗಿ ಹಡಗು ಹತ್ತುವುದನ್ನು ನೋಡುವ ಆಸೆ. ಕಂಬಿಯ ಆಚೆ ಸಾಲಾಗಿ ನಿಂತರು. ಬಿಸಿಲು ಧಗಧಗ ಉರಿಯುತ್ತಿತ್ತು.

ಕೌಂಟರಿನ ಹುಡುಗಿ ಸೂಟ್‌ಕೇಸನ್ನು ತೂಗಿ, "ಇಪ್ಪತ್ತಾರು ಇದೆ ಸರ್. ಆರು ಕಿಲೋ ತೆಗೀಬೇಕು," ಎಂದಳು.

"ಸಾಧ್ಯ ಇಲ್ಲಮ್ಮ. ಇಪ್ಪತ್ತಿದೆ."

"ನೀವೇ ನೋಡಿ ಸರ್."

ಸಾಹೇಬರು ಬಗ್ಗಿ ಮೊದಲು ನೋಡಿದ್ದು ಮುದ್ರೆಯನ್ನು. ಅದು ಅವರದೇ. ಎರಡು ತಿಂಗಳ ಹಿಂದೆ ಇದೇ ಕೌಂಟರಿನ ಮುಂದೆ ಮಂಡಿಯೂರಿ ಅವರೇ ಒತ್ತಿದ್ದು. ಇದು ಸರಿ ಎಂದರೆ ಪೇಪರ್ ಅಂಗಡಿಯದು ತಪ್ಪು. ಅದು ಸರಿ ಎಂದರೆ ಇದು ತಪ್ಪು. ಅತ್ತ ದರಿ, ಇತ್ತ ಪುಲಿ. ಯಾವುದು ತಪ್ಪಾದರೂ ತಪ್ಪು ಮುದ್ರೆ ಒತ್ತಿದವನು ಅತ್ಯುತ್ತಮ ಇನ್‌ಸ್ಪೆಕ್ಟರೇ.

"ಅದಕ್ಯಾಕೆ ಅಷ್ಟು ಯೋಚನೆ," ಎಂದಳು ಹೆಂಡತಿ. "ತೂಕ ಸೂಟ್‌ಕೇಸಿಗೆ ತಾನೇ, ಮನುಷ್ಯರಿಗೆ ಇಲ್ವಲ್ಲ. ಹಾಕ್ಕೊಂಡುಬಿಡಿ."

ಹೀಗೆ ಸಾಹೇಬರು ಆ ಉರಿಬಿಸಿಲಿನಲ್ಲಿ ಅಜ್ಜಿಯ ಸ್ವೆಟರ್ ತೊಟ್ಟರು. ಅದರ ಮೇಲೆ ಮೇಷ್ಟ್ರ ಕೋಟು, ಕಾಲಿಗೆ ಬ್ಯಾಂಕಿನವನ ಬೂಟು, ತಲೆಗೆ ಅವನದೇ ಟೋಪಿ. ಸ್ವೆಟರ್ ತಲೆಯಿಂದ ಇಳಿಯುವಾಗ ಎಷ್ಟು ಬಿಗಿಯಾಗಿತ್ತೆಂದರೆ, ಬ್ಯಾಂಕಿನವನು ಕಂಬಿಯಾಚೆಯಿಂದಲೇ ಕೈ ಚಾಚಿ ಎಳೆಯಬೇಕಾಯಿತು. ಸೂಟ್‌ಕೇಸ್ ಇಪ್ಪತ್ತಕ್ಕೆ ಇಳಿಯಿತು. ಕೌಂಟರಿನ ಹುಡುಗಿ ಚೀಟಿ ಅಂಟಿಸಿ, ಶುಭ ಪ್ರಯಾಣ ಎಂದಳು.

ಅಷ್ಟಕ್ಕೆ ಹಡಗು ಹತ್ತಿಬಿಡಬಹುದಿತ್ತು. ಆದರೆ ಬ್ಯಾಂಕಿನವನಿಗೆ ಲೆಕ್ಕ ಹೊಳೆಯಿತು.

"ಒಂದು ನಿಮಿಷ ಸಾಹೇಬ್ರೇ. ಅಲ್ಲಿ ಇಪ್ಪತ್ತು, ಇಲ್ಲಿ ಇಪ್ಪತ್ತಾರು. ಅಂದ್ರೆ ಪೇಪರ್ ಅಂಗಡಿ ತಕ್ಕಡಿ ಆರು ಕಿಲೋ ನುಂಗತ್ತೆ ಅಂತಾಯ್ತು."

"ಅವನು ತೂಗಿ ಕೊಳ್ಳೋನಲ್ವೇ," ಎಂದರು ಮೇಷ್ಟ್ರು ನಿಧಾನವಾಗಿ. "ಕಮ್ಮಿ ತೋರಿಸಿದಷ್ಟೂ ಅವನಿಗೆ ಲಾಭ. ನಾನು ಹೋದ ವಾರ ಇಡೀ ಅಟ್ಟ ಖಾಲಿ ಮಾಡಿ ಹಾಕಿದೆ."

ಅಜ್ಜಿ ಕಣ್ಣು ಕಿರಿದು ಮಾಡಿದಳು. "ಆ ತಕ್ಕಡಿಗೆ ಸೀಲು ಹಾಕಿದ್ದು ನೀನೇ ಅಲ್ವೇನಪ್ಪ?"

ಎಲ್ಲರೂ ಸಾಹೇಬರನ್ನೇ ನೋಡಿದರು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು ಕಂಬಿಯ ಮೇಲೆ ತೂಗಾಡುತ್ತಿತ್ತು. ಟೋಪಿಯೊಳಗಿಂದ ಬೆವರು ಇಳಿದು ಕಣ್ಣಿಗೆ ಬಿತ್ತು. ತೂಕದ ವಿಷಯದಲ್ಲಿ ಹುಟ್ಟಿದಾಗಿನಿಂದ ಸುಳ್ಳಾಡದ ಮನುಷ್ಯ ಅವತ್ತು ಬಾಯಿ ತೆರೆದು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಹೇಳಿದರು.

"ಆ ತಕ್ಕಡಿ ಸರಿಯಾಗೇ ಇದೆ. ಇವರ ತಕ್ಕಡೀನೇ ಕೆಟ್ಟಿದೆ. ಇಲ್ಲಿ ಯಾರೋ ಆಮೇಲೆ ಕೈ ಆಡಿಸಿದಾರೆ."

ಕೌಂಟರಿನ ಹುಡುಗಿ ಮುಂದಿನವರ ಸೂಟ್‌ಕೇಸಿಗೆ ಚೀಟಿ ಅಂಟಿಸುವುದನ್ನು ನಿಲ್ಲಿಸಿದಳು. "ಇದು ದೂರು ಅಂತ ತಗೊಳ್ಳಲಾ ಸರ್?"

"ಹಾಗೇನಿಲ್ಲ, ಸುಮ್ನೆ ಮಾತಿಗೆ..."

"ಸುಮ್ನೆ ಅಂದ್ರೆ ಆಗಲ್ಲ ಸರ್. ಇಷ್ಟು ಜನ ಕೇಳಿಸ್ಕೊಂಡಿದಾರೆ," ಎಂದು ಆಕೆ ಗೋಡೆಯ ಬೋರ್ಡನ್ನು ತೋರಿಸಿದಳು. ದೂರು ಬಂದ ತಕ್ಕಡಿಯನ್ನು ಆ ವಲಯದ ಇನ್‌ಸ್ಪೆಕ್ಟರು ಬಂದು ಪರೀಕ್ಷಿಸುವವರೆಗೆ ಯಾರೂ ಬಳಸಕೂಡದು. ಕೆಳಗೆ ರುಜು. ಸಾಹೇಬರು ಆ ರುಜುವನ್ನು ಎಲ್ಲಿ ಕಂಡರೂ ಗುರುತಿಸುತ್ತಿದ್ದರು. ದಿನಾ ಹಾಕುವವರು ಅವರೇ.

ಆಕೆ ಇಲಾಖೆಗೆ ಫೋನು ಮಾಡಿ, ಮೇಲಧಿಕಾರಿಯನ್ನು ಹಿಡಿದು, ಫೋನನ್ನು ಸಾಹೇಬರ ಕೈಗೆ ಕೊಟ್ಟಳು.

"ಭೇಷ್ ಕಣ್ರೀ," ಎಂದಿತು ಅತ್ತಲಿನ ದನಿ. "ಪ್ರವಾಸ ಹೊರಟ ಗಳಿಗೇಲೂ ಕರ್ತವ್ಯ ಮರೀಲಿಲ್ಲ. ನಿಮಗೆ ಪ್ರಶಸ್ತಿ ಕೊಟ್ಟಿದ್ದು ಸಾರ್ಥಕ. ಅಲ್ಲೇ ಇರಿ, ತೂಕದ ಕಲ್ಲು ವ್ಯಾನಲ್ಲಿ ಕಳಿಸ್ತೀನಿ. ರಜೆ ರದ್ದು ಮಾಡಿದೀನಿ, ಅದರ ಚಿಂತೆ ಬಿಡಿ."

ವ್ಯಾನು ಬರುವ ಮೊದಲೇ ಹಡಗು ಕೂಗಿತು. ಹೆಂಡತಿ ಗಂಡನ ಮುಖ ನೋಡಿದಳು, ಹಡಗು ನೋಡಿದಳು. ಅವಳಿಗೂ ಸಂಕಟವಾಗದೆ ಇರಲಿಲ್ಲ.

"ಇಬ್ಬರೂ ಉಳಿದ್ರೆ ಎರಡು ಟಿಕೆಟ್ಟೂ ದಂಡ. ನಾನು ಹೋಗಿ ಬರ್ತೀನಿ ರೀ. ಬೆಳಿಗ್ಗೆ ಹಾಲಿನವನಿಗೆ ಅರ್ಧ ಲೀಟರ್ ಸಾಕು ಅಂತ ಹೇಳಿ."

"ಈ ಕೋಟು?"

"ನಿಮ್ಮ ಮೈಮೇಲೇ ಇರ್ಲಿ. ನನಗೆ ಕೊಟ್ರೆ ಮತ್ತೆ ತೂಕ ಜಾಸ್ತಿ ಅಂತಾರೆ."

ಹಡಗು ಹೋಯಿತು. ತೂಕದ ಕಲ್ಲು ಬಂದವು. ಸಾಹೇಬರು ಒಂದೊಂದೇ ಇಟ್ಟು ತೂಗಿದರು. ಬಂದರಿನ ತಕ್ಕಡಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ದೂರು ಸುಳ್ಳು ಎಂದು ಬರೆದು, ದೂರುದಾರನ ಹೆಸರಿನ ಜಾಗದಲ್ಲಿ ತಮ್ಮ ಹೆಸರನ್ನೇ ತುಂಬಿ, ಇನ್‌ಸ್ಪೆಕ್ಟರಾಗಿ ಕೆಳಗೆ ರುಜು ಹಾಕಿದರು. ಆಮೇಲೆ ಒಂದು ತೂಕದ ಕಲ್ಲನ್ನು ಕೈಯಲ್ಲಿ ಹಿಡಿದು ನೆಟ್ಟಗೆ ಪೇಪರ್ ಅಂಗಡಿಗೆ ನಡೆದರು. ಬೂಟು ಕಳಚಿರಲಿಲ್ಲ, ಸ್ವೆಟರ್ ಕಳಚಲು ಬರುತ್ತಿರಲಿಲ್ಲ.

ಅಂಗಡಿಯ ಮುಂದೆ ತಕ್ಕಡಿ ಎಂದಿನಂತೆ ನೇತಾಡುತ್ತಿತ್ತು. ಎರಡು ತಟ್ಟೆಯ ಕಬ್ಬಿಣದ ತಕ್ಕಡಿ, ದಂಡದ ಮೇಲೆ ಅವರದೇ ಮುದ್ರೆ. ಕಲ್ಲು ಇಟ್ಟು ನೋಡಿದರು. ಸರಿಯಾಗಿತ್ತು. ಇನ್ನೊಮ್ಮೆ ಇಟ್ಟು ನೋಡಿದರು. ಆಗಲೂ ಸರಿಯಾಗಿಯೇ ಇತ್ತು.

"ಬೆಳಿಗ್ಗೆ ತಂದಿದ್ದು ಇದಲ್ಲ," ಎಂದರು ಸಾಹೇಬರು.

"ಇದನ್ನ ಬಿಚ್ಚಿ ತರೋಕಾಗತ್ತಾ ಸಾರ್, ವ್ಯಾಪಾರ ನಡೀಬೇಕಲ್ಲ," ಎಂದ ಪೇಪರ್ ಅಂಗಡಿಯವನು. "ಅದು ಒಳಮನೇದು. ನಾನು ನನ್ನ ತೂಕ ನೋಡ್ಕೊಳ್ಳೋದು. ಆರು ಕಿಲೋ ಇಳಿಸು, ಇಲ್ದಿದ್ರೆ ಉಳಿಯಲ್ಲ ಅಂದಿದ್ರು ಡಾಕ್ಟ್ರು. ಏನು ಮಾಡಿದ್ರೂ ನಾನು ಇಳೀಲಿಲ್ಲ. ಅದಕ್ಕೇ ಮುಳ್ಳನ್ನ ಇಳಿಸ್ದೆ. ಮನೇಲಿ ಎಲ್ಲರೂ ನೆಮ್ಮದಿಯಾಗಿದಾರೆ."

ಸಾಹೇಬರು ಪೇಪರಿನ ಕಟ್ಟಿನ ಮೇಲೆ ಕೂತರು. ಹಾಗಾದರೆ ಎರಡು ಮುದ್ರೆಯೂ ಸರಿ. ಅವರ ಹೆಸರಿಗೆ ಅವತ್ತು ಯಾವ ಅಪಾಯವೂ ಇರಲಿಲ್ಲ.

"ಸೀಲು ಇದೆಯೋ ಇಲ್ವೋ ನೋಡ್ಲಿಲ್ವಾ ಸಾರ್?" ಎಂದ ಅವನು, ನಿಜವಾಗಿಯೂ ಬೇಸರಪಟ್ಟುಕೊಂಡು. "ಸೀಲಿಲ್ಲದ ತಕ್ಕಡೀಲಿ ಒಂದು ಹುಲ್ಲುಕಡ್ಡೀನೂ ತೂಗಬೇಡ ಅಂತ ವರ್ಷಾ ವರ್ಷಾ ನೀವೇ ಹೇಳ್ತೀರ."

ಅವನಿಗೆ ಪಾಪ ಅನ್ನಿಸಿತು. ಒಳಗೆ ಹೋಗಿ ಮುಳ್ಳಿನ ತಕ್ಕಡಿಯನ್ನು ತಂದು, ಧೂಳು ಒರೆಸಿ ಅವರ ಮುಂದಿಟ್ಟ.

"ಒಂದು ಸಲ ಹತ್ತಿ ಸಾರ್. ಬೇಜಾರಾದಾಗ ನಾನೂ ಇದನ್ನೇ ಹತ್ತೋದು."

ಸಾಹೇಬರು ಕೋಟು, ಬೂಟು, ಟೋಪಿಯ ಸಮೇತ ಹತ್ತಿ ನಿಂತರು. ಅವನು ಬಗ್ಗಿ ಮುಳ್ಳನ್ನು ಓದಿ, ಸಮಾಧಾನದ ದನಿಯಲ್ಲಿ ಹೇಳಿದ. "ನೋಡಿ, ಇಷ್ಟೆಲ್ಲ ಹಾಕ್ಕೊಂಡೂ ಎಷ್ಟು ಕಮ್ಮಿ ಇದೀರ."