ಎರಡು ಜಾಡಿ ಗೊದಮೊಟ್ಟೆ

ನಾನು ಕೈ ಹಾಕಿದ ಪ್ರಯೋಗ ಪುಸ್ತಕದಲ್ಲಿದ್ದ ಹಾಗೆ ಮುಗಿದದ್ದು ಒಂದೂ ಇಲ್ಲ. ಅರವತ್ತರ ದಶಕದಲ್ಲಿ ಹೊಸನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಹಂಗಾಮಿ ವಿಜ್ಞಾನ ಮೇಷ್ಟ್ರಾಗಿದ್ದಾಗ ನಡೆದದ್ದನ್ನು ಕೇಳಿ, ನಿಮಗೇ ಗೊತ್ತಾಗುತ್ತೆ.

೧

ಹೆಡ್‌ಮಾಸ್ಟರು ಕರೆದು, "ಹದಿನೈದು ದಿನದಲ್ಲಿ ಇನ್‌ಸ್ಪೆಕ್ಟರು ಬರ್ತಾರೆ. ಏನಾದ್ರೂ ಹೊಸ ಪ್ರಯೋಗ ತೋರಿಸ್ರಿ. ಮೆಚ್ಚಿದ್ರೆ ಖಾಯಂ ಆಗ್ತೀರಿ, ಇಲ್ಲಾಂದ್ರೆ ಗಂಟುಮೂಟೆ ಕಟ್ಟಿ" ಅಂದರು. ಖಾಯಂ ಆಗದವನಿಗೆ ಮಗಳನ್ನು ಕೊಡೋದಿಲ್ಲ ಅಂತ ಮೇಳಿಗೆಯ ಭಾವೀ ಮಾವ ಬೇರೆ ಪಟ್ಟು ಹಿಡಿದಿದ್ದರು.

ಹೆದರಿಕೊಂಡೇ ವಿವರಿಸಿದೆ: "ಗೊದಮೊಟ್ಟೆಯ ಜೀವಕೋಶದಲ್ಲಿ ಕಾಲು ಬರಿಸೋ ಜೀನು ಸುಮ್ಮನೆ ಮಲಗಿರುತ್ತೆ ಸಾರ್. ಥೈರಾಯ್ಡ್ ರಸ ಒಳಕ್ಕೆ ಹೋಗಿ ಎಬ್ಬಿಸಿದ ಕೂಡಲೇ ಬಾಲ ಕರಗಿ ಕಪ್ಪೆಯಾಗುತ್ತೆ. ನೀರಿಗೆ ಮಾತ್ರೆ ಹಾಕಿದ್ರೆ ಹತ್ತೇ ದಿನ."

"ಎಲ್ಲಾ ಒಳಗೇ ಇರುತ್ತೆ, ಎಬ್ಬಿಸೋರು ಬೇಕು ಅನ್ನಿ."

"ಹೌದು ಸಾರ್."

ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ ಗುಮಾಸ್ತರತ್ತ ನೋಡಿ, "ಎರಡು ಮಾತ್ರೆ ಇವರಿಗೂ ತನ್ನಿ" ಅಂದರು.

೨

ಮಾತ್ರೆಗೆ ರಿಪ್ಪನ್‌ಪೇಟೆಗೆ ಹೋದೆ. "ರೋಗಿಯನ್ನ ನೋಡದೆ ಚೀಟಿ ಬರೆಯೋದಿಲ್ಲ" ಅಂದರು ಡಾಕ್ಟರು. ಚೀಲದಿಂದ ಗೊದಮೊಟ್ಟೆಯ ಬಾಟಲಿ ತೆಗೆದು ಮುಂದಿಟ್ಟೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿ, ಚೀಟಿ ಬರೆದುಕೊಟ್ಟರು.

ಕಂಪೌಂಡರು ಪೊಟ್ಟಣ ಕಟ್ಟುತ್ತಾ ಅಭ್ಯಾಸಬಲದಲ್ಲಿ ಪಥ್ಯ ಹೇಳಿದ: "ಬದನೆಕಾಯಿ, ಹುಳಿ ಬಿಡ್ಬೇಕು. ಮೂರು ದಿನ ತಲೆಗೆ ನೀರು ಹಾಕ್ಬಾರ್ದು."

೩

ಒಂದು ಜಾಡಿಗೆ ಮದ್ದು ಹಾಕಬೇಕು, ಇನ್ನೊಂದಕ್ಕೆ ಹಾಕಬಾರದು. ಇನ್ನೊಂದು ಹಾಗೇ ಉಳಿದರೆ ತಾನೆ ಮದ್ದಿನ ಮಹಿಮೆ ತಿಳಿಯೋದು? ಇಷ್ಟನ್ನೂ ಶಾಲೆಯ ಅಟೆಂಡರ್‌ಗೆ ಬಿಡಿಸಿ ಹೇಳಿ, ತರಬೇತಿಗೆಂದು ಸಾಗರಕ್ಕೆ ಹೋದೆ. ವಾಪಸು ಬಂದದ್ದು ಇನ್‌ಸ್ಪೆಕ್ಟರು ಬಂದ ಬಸ್ಸಿನಲ್ಲೇ.

ಪ್ರಯೋಗದ ವಿವರ ನನ್ನಿಂದ ಕೇಳಿಕೊಂಡು ಅವರು ಜಾಡಿಗಳ ಮೇಲಿನ ಬಟ್ಟೆ ಸರಿಸಿದರು. ಅಯ್ಯೋ ದೇವರೇ, ಎರಡರಲ್ಲೂ ಕಪ್ಪೆ! ಒಂದು ಹಾರಿ ಅವರ ಪೇಟದ ಮೇಲೆಯೇ ಕೂತಿತು.

"ಮದ್ದು ಹಾಕದ್ದೂ ಕಪ್ಪೆಯಾಯ್ತಲ್ರೀ! ಮತ್ತೆ ನಿಮ್ಮ ಮದ್ದು ಮಾಡಿದ್ದೇನು?"

ಕೆಲಸವೂ ಹೋಯಿತು, ಮದುವೆಯೂ ಹೋಯಿತು ಅಂದುಕೊಂಡೆ.

ಅಟೆಂಡರ್ ಮುಂದೆ ಬಂದ. "ಎರಡಕ್ಕೂ ಹಾಕಿದ್ದೀನಿ ಸಾರ್. ಮೇಷ್ಟ್ರು ಒಂದಕ್ಕೇ ಅಂದಿದ್ರು. ಇಪ್ಪತ್ತು ವರ್ಷದಿಂದ ಮದುವೆ ಮನೆಗಳಲ್ಲಿ ಬಡಿಸ್ತಾ ಇದ್ದೀನಿ, ಒಂದು ಎಲೆಗೆ ಹಾಕಿ ಪಕ್ಕದ ಎಲೆ ದಾಟಿದೋನಲ್ಲ. ಪಂಕ್ತಿಭೇದ ಮಹಾಪಾಪ!"

"ಹಾಗಾದ್ರೆ ಮದ್ದು ಹಾಕದ್ದು ಎಲ್ಲಿದೆ?"

ಅವನು ಕಿಟಕಿಯಾಚೆಯ ಹೊಂಡ ತೋರಿಸಿದ. "ಇವನ್ನೆಲ್ಲ ಅಲ್ಲಿಂದ್ಲೇ ಹಿಡಿದದ್ದು ಸಾರ್."

ಇನ್‌ಸ್ಪೆಕ್ಟರು ಹೋಗಿ ಬಗ್ಗಿ ನೋಡಿದರು. ಜೊತೆಯಲ್ಲಿ ಹುಟ್ಟಿದವೆಲ್ಲ ಇನ್ನೂ ಬಾಲ ಆಡಿಸುತ್ತಿದ್ದವು! ಹೊಟ್ಟೆ ಹಿಡಿದು ನಕ್ಕು, ನನ್ನನ್ನು ಖಾಯಂ ಮಾಡಬಹುದೆಂದು ಅಲ್ಲೇ ಬರೆದರು. ನನಗೆ ಹೋದ ಜೀವ ಬಂದಂತಾಯಿತು.

"ಸದ್ಯ ಮಾರಾಯ, ಹೊಂಡಕ್ಕೂ ಹಾಕಲಿಲ್ವಲ್ಲ ನೀನು!" ಅಂತ ಅಟೆಂಡರ್‌ನ ಕೈ ಹಿಡಿದುಕೊಂಡೆ.

ಅವನ ಮುಖ ಸಪ್ಪಗಾಯಿತು. "ಎಂತ ಮಾಡದು ಸಾರ್, ಮಾತ್ರೆ ಸಾಲ್ಲಿಲ್ಲ."