ತೂಕದ ಇಂಜೆಕ್ಷನ್ನೂ ಅಮ್ಮನ ತುಪ್ಪವೂ

ಊಟದಲ್ಲಿ ಅಡಗಿದ್ದ ರಾಕ್ಷಸನನ್ನು ಋಷಿಯೊಬ್ಬರು ಹೊಟ್ಟೆ ಸವರಿಕೊಂಡೇ ಅರಗಿಸಿಬಿಟ್ಟರೆಂದು ಅಮ್ಮ ಬಾಲ್ಯದಲ್ಲಿ ಹೇಳುತ್ತಿದ್ದರು. ಅಷ್ಟು ಬೇಗ ಅರಗಿದನೇ ಎಂಬ ಅನುಮಾನ ನನಗೆ ಆಗಲೇ ಇತ್ತು. ಅರಗುವ, ಅರಗದಿರುವ ಪ್ರಸಂಗಗಳು ನಮ್ಮ ಮನೆಯಲ್ಲಿ ಇಂದಿಗೂ ಮುಗಿದಿಲ್ಲ. ಅತ್ತಿಗೆ ತೂಕ ಇಳಿಸುವ ಇಂಜೆಕ್ಷನ್ ಆರಂಭಿಸಿದ ಮೇಲಂತೂ ವಾರಕ್ಕೊಂದು.

೧. ಉಷ್ಣ

ಅತ್ತಿಗೆಯ ಮಂಡಿಗಳು ಸವೆದಿದ್ದವು. ಬಾಣಾವರದಲ್ಲಿ ಬಸ್ಸು ಹತ್ತುವಾಗ ಅಣ್ಣ ಹಿಂದಿನಿಂದ ನೂಕಬೇಕಿತ್ತು; ನೋವಿಗಿಂತ ಆ ಅವಮಾನವೇ ಅವರಿಗೆ ದೊಡ್ಡದು. ಅರಸೀಕೆರೆಯ ಡಾಕ್ಟರು ಸಕ್ಕರೆ ಕಾಯಿಲೆಯನ್ನೂ ತೂಕವನ್ನೂ ನೋಡಿ ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಮೊದಲ ವಾರವೇ ವಾಕರಿಕೆ.

“ಇಂಜೆಕ್ಷನ್ ಅಂದ್ರೆ ಉಷ್ಣ ಕಣೇ. ತುಪ್ಪ ಬಿದ್ರೆ ತಣ್ಣಗಾಗ್ತೈತೆ,” ಎಂದು ಅಮ್ಮ ತೀರ್ಪಿತ್ತರು.

ಅಂದಿನಿಂದ ಮುದ್ದೆಯಲ್ಲಿ ಗುಳಿ ಮಾಡಿ ತುಪ್ಪ ತುಂಬುವುದು ಪದ್ಧತಿಯಾಯಿತು. ವಾಕರಿಕೆ ಹೆಚ್ಚಿದಷ್ಟೂ ಗುಳಿ ದೊಡ್ಡದಾಯಿತು.

೨. ಉಪಚಾರ

ಮಾದಿಹಳ್ಳಿಯ ನೆಂಟರ ಗೃಹಪ್ರವೇಶದಲ್ಲಿ ಅತ್ತಿಗೆ ಎಲೆಗೆ ಕೈ ಅಡ್ಡ ಹಿಡಿದರು.

“ಯಾಕವ್ವಾ, ನಮ್ಮನೆ ಹೋಳಿಗೆ ಸೇರಲ್ವಾ?” ಎಂದು ಮನೆಯೊಡತಿ ಮುನಿದರು. ಮರುಮಾತಿಗೆ ಮೊದಲೇ ತುಪ್ಪ ಬೆರಳಸಂದಿಯಿಂದ ಇಳಿದಿತ್ತು. ಅತ್ತಿಗೆ ದಾಕ್ಷಿಣ್ಯಕ್ಕೆ ತಿಂದರು.

ಮರಳುವಾಗ ಬಸ್ಸಿನಲ್ಲಿ ಕುಳಿತೊಡನೆ ಅವರು ಕಿಟಕಿಯಾಚೆ ಮುಖ ಹಾಕಿ ಕಾರಿಕೊಂಡರು. ಅಣ್ಣ ಗಾಬರಿಯಿಂದ, “ನಿಲ್ಸಿ, ನಿಲ್ಸಿ! ಇವಳಿಗೆ ಬಸ್ ಪ್ರಯಾಣ ಆಗ್ಬರಲ್ಲ!” ಎಂದು ಕೂಗಿದ.

ಕಂಡಕ್ಟರ್ ಹೇಳಿದ: “ಏನ್ ನಿಲ್ಸೋದು ಸ್ವಾಮಿ, ಬಸ್ಸಿನ್ನೂ ಹೊರಟೇ ಇಲ್ಲ!”

೩. ಮನೆಮದ್ದು

“ನೂಕಿಸ್ಕೊಂಡೇ ಬಸ್ ಹತ್ತೀನಿ, ಇಂಜೆಕ್ಷನ್ ಮಾತ್ರ ಬೇಡ,” ಎಂದು ಅತ್ತಿಗೆ ಅತ್ತರು. ಎಲ್ಲರೂ ಅರಸೀಕೆರೆಗೆ ಹೋದೆವು. ಊಟದ ವಿವರ ಕೇಳಿದ ಡಾಕ್ಟರು ಪೆನ್ನು ಕೆಳಗಿಟ್ಟರು.

“ಇಂಜೆಕ್ಷನ್ ನಾನು ಬರೆದೆ. ತುಪ್ಪ ಯಾರು ಬರೆದ್ರು?”

“ಅದಕ್ಕೆ ಚೀಟಿ ಯಾಕ್ ಡಾಕ್ಟ್ರೇ?” ಎಂದರು ಅಮ್ಮ. “ಮನೇಲೇ ಐತೆ.”

ಈ ಔಷಧದಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ಜಿಡ್ಡೂ ಸೇರಿದರೆ ಊಟ ಇನ್ನಷ್ಟು ಹೊತ್ತು ಅಲ್ಲೇ ಕೂರುತ್ತದೆ ಎಂದು ವಿವರಿಸಿ, ಅವರು ಡೋಸ್ ಏರಿಸದೆ, ತುಪ್ಪ ಬಿಟ್ಟು ಸ್ವಲ್ಪಸ್ವಲ್ಪವೇ ತಿನ್ನಲು ಹೇಳಿದರು. ವಾಕರಿಕೆ ತಗ್ಗಿತು, ಇಂಜೆಕ್ಷನ್ ನಿಲ್ಲಲಿಲ್ಲ.

೪. ಮೆಟ್ಟಿಲು

ಕೆಲವು ತಿಂಗಳ ನಂತರ ಅಣ್ಣ ಅಭ್ಯಾಸಬಲದಿಂದ ಎರಡೂ ಕೈ ಚಾಚುವಷ್ಟರಲ್ಲಿ ಅತ್ತಿಗೆ ತಾವೇ ಬಸ್ಸು ಹತ್ತಿ, ಸೀಟು ಹಿಡಿದು, “ಬರ್ರೀ, ನೂಕ್ಬೇಕೇನು?” ಎಂದರು.

ಅಮ್ಮನ ಕಣ್ಣು ತುಂಬಿತು. “ನೋಡ್ದಾ, ಅವತ್ತು ತಿನ್ಸಿದ ತುಪ್ಪ ಈಗ ಮಂಡಿಗಿಳೀತು!”

ತುಪ್ಪ ಮಂಡಿಗಿಳಿಯುತ್ತದೆಯೇ ಎಂದು ಡಾಕ್ಟರನ್ನು ನಾನು ಪ್ರತ್ಯೇಕವಾಗಿ ವಿಚಾರಿಸಿದೆ. ಇಳಿಯುವುದಿಲ್ಲ.